ಗ್ಯಾಸ್ ಮಾತ್ರೆ ಬೇಡ, ಕ್ಯಾಮೆರಾ ಬಿಟ್ಟು ನೋಡಿ



ನಮ್ಮ ಚಿಕ್ಕಪ್ಪ ಪೌರಕಾರ್ಮಿಕ. ಸೊಂಟನೋವಿಗೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರು. ಹೋದ ವರ್ಷ ಒಂದಿನ ಕಾಫಿ ಪುಡಿ ಕಲಸಿದಂಥ ವಾಂತಿ, ಡಾಂಬರಿನಂಥ ಮಲ. ಹೊಟ್ಟೆಯೊಳಗೆ ರಕ್ತ ಸೋರುವ ಲಕ್ಷಣ ಇದು. ಆಸ್ಪತ್ರೆಯಲ್ಲಿ ಕೇಳಿದ್ದೇನು? "ದಿನಾ ಎಷ್ಟು ಕುಡೀತೀಯ?" ಕುಡಿಯಲ್ಲ ಅಂದರೂ ನಂಬಲಿಲ್ಲ. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು.

ಅಲ್ರೀ, ಕುಡಿದಿದ್ರೂ ಏನೀಗ? ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಉಬ್ಬಿ ಒಡೆದರೆ ಎಂಡೋಸ್ಕೋಪಿಯಲ್ಲೇ ರಬ್ಬರ್ ಬ್ಯಾಂಡ್ ಹಾಕಿ ಬಿಗೀತಾರೆ. ಅಲ್ಸರ್ ಸೋರುತ್ತಿದ್ದರೆ ಅದೇ ನಳಿಕೆಯಿಂದ ಕ್ಲಿಪ್ ಹಾಕಿ ನಿಲ್ಲಿಸ್ತಾರೆ. ಸಾಮಾನ್ಯವಾಗಿ ಹೊಟ್ಟೆ ಕೊಯ್ಯೋದೇ ಬೇಡ. ಇಂಥ ರೋಗಿಗೆ 24 ಗಂಟೆಯೊಳಗೆ ಸ್ಕೋಪಿ ಆಗಬೇಕು ಅನ್ನೋದು ವೈದ್ಯರದ್ದೇ ಮಾರ್ಗಸೂಚಿ. ಚಿಕ್ಕಪ್ಪನಿಗೆ ಆಗಿದ್ದು ಆರನೇ ದಿನ, ರೆಫರಲ್ ಚೀಟಿ ಹಿಡಿದು ಎರಡು ಊರು ಅಲೆದ ಮೇಲೆ. ಅಲ್ಸರ್ ಇತ್ತು. ನಾಲ್ಕು ಬಾಟಲಿ ರಕ್ತ ಏರಿಸಿದರು. ಬದುಕಿದ್ದಾರೆ, ಪುಣ್ಯ.

ಅಲ್ಲೂ ಉಪದೇಶ: "ನಿಮ್ಮೋರು ಖಾರ, ಮಾಂಸ ಜಾಸ್ತಿ ತಿಂತೀರಿ." ಸ್ವಾಮಿ, ಅಲ್ಸರಿಗೆ ಮುಖ್ಯ ಕಾರಣ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾ ಗುರುತಿಸಿದ ಮಾರ್ಷಲ್, ವಾರೆನ್‌ಗೆ 2005ರಲ್ಲೇ ನೊಬೆಲ್ ಬಂತು. ನಿಮ್ಮ ತಲೆಯೊಳಗಿನ ಮನು ಮಾತ್ರ ಇನ್ನೂ ಜಾಗ ಖಾಲಿ ಮಾಡಿಲ್ಲ.

ನಾವು ಕೇಳ್ತಿರೋದು ಕವರ್ ಹೊದ್ದು ಮಲಗಿರೋ ಮಷೀನ್ ಅಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ, ರಾತ್ರಿ ಹೊತ್ತಲ್ಲೂ, ಸ್ಕೋಪಿ ಮಾಡೋ ಡಾಕ್ಟರ್, ಟೆಕ್ನಿಷಿಯನ್ ಬೇಕು. ಪೌರಕಾರ್ಮಿಕರ ಹೆಲ್ತ್ ಕ್ಯಾಂಪಲ್ಲಿ ಬಿಪಿ, ಶುಗರ್ ನೋಡಿ ಫೋಟೋ ಹೊಡೆಸಿಕೊಳ್ಳೋರು, ಮಲದ ಬಣ್ಣ ಏನು ಅಂತಲೂ ಒಮ್ಮೆ ಕೇಳಿ.