ಅಡ್ವಾನ್ಸ್ ಕೊಡುವ ಮೊದಲು ಸಿಬಿಲ್ ವರದಿ

ಗೃಹಸಾಲದ ಅರ್ಜಿ ಬ್ಯಾಂಕ್ ಮ್ಯಾನೇಜರರ ಮೇಜಿಗೆ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅಗ್ರಿಮೆಂಟ್ ಮುಗಿದು ಅಡ್ವಾನ್ಸ್ ಕೈದಾಟಿರುತ್ತದೆ. ಸಂಬಳದ ಚೀಟಿ, ಫಾರಂ 16, ಖಾತಾ, ಇಸಿ ಎಲ್ಲವನ್ನೂ ಫೈಲಿಗೆ ಸೇರಿಸಿದವರು ತಮ್ಮದೇ ಸಿಬಿಲ್ ವರದಿಯನ್ನು ಮಾತ್ರ ನೋಡಿರುವುದಿಲ್ಲ. ‘ಸ್ಕೋರ್ ಕಡಿಮೆ ಇದೆ, ಲೋನ್ ಆಗೋಲ್ಲ’ ಎಂಬ ಮಾತು ಕಿವಿಗೆ ಬೀಳುವುದು ಆಗ. ಅತ್ತ ಅಗ್ರಿಮೆಂಟಿನ ಗಡುವು ಓಡುತ್ತಿರುತ್ತದೆ, ಇತ್ತ ಕೊಟ್ಟ ಅಡ್ವಾನ್ಸ್ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ.

ಇದು ತಪ್ಪಿಸಬಹುದಾದ ಸಂಕಟ. ಇದರಲ್ಲಿ ಸಾಲಗಾರನ ಹೊಣೆ ಎಷ್ಟೋ ಬ್ಯಾಂಕಿನದೂ ಅಷ್ಟೇ ಇದೆ.

ಸಿಬಿಲ್ ಎನ್ನುವುದು ಜನರ ಸಾಲದ ಲೆಕ್ಕ ಇಡಲು 2000ರಲ್ಲಿ ಶುರುವಾದ ಒಂದು ಕಂಪನಿ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ಇದೇ ಕೆಲಸ ಮಾಡುತ್ತವೆ. ನಾಲ್ಕೂ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ ಬರುತ್ತವೆ. ಬ್ಯಾಂಕುಗಳು ಕಳಿಸುವ ಲೆಕ್ಕ ನೋಡಿ 300ರಿಂದ 900ರ ನಡುವೆ ಅಂಕ ಕೊಡುತ್ತವೆ. ಸಂಬಳ, ಜಮೀನು, ಚಿನ್ನ ಯಾವುದೂ ಈ ಅಂಕಕ್ಕೆ ಸೇರುವುದಿಲ್ಲ. ತಿಂಗಳು ತಿಂಗಳು ಬಾಡಿಗೆ ಕೊಟ್ಟು, ಊರಿನ ಚೀಟಿಗೆ ಒಂದು ಕಂತೂ ತಪ್ಪಿಸದ ಸಂಸಾರದ ಶಿಸ್ತು ಅಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಈ ಅಂಕದಿಂದ ಮನುಷ್ಯನ ಯೋಗ್ಯತೆ ಅಳೆಯುವುದು ತಪ್ಪು.

ಆದರೂ ಅದರ ಬೆಲೆ ದೊಡ್ಡದು. ಹಲವು ಬ್ಯಾಂಕುಗಳು ಈಗ ಗೃಹಸಾಲದ ಬಡ್ಡಿಯನ್ನೇ ಸ್ಕೋರಿಗೆ ತಕ್ಕಂತೆ ನಿಗದಿ ಮಾಡುತ್ತವೆ. 40 ಲಕ್ಷ ರೂಪಾಯಿ ಸಾಲ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಬಡ್ಡಿ ಶೇ 8.5 ಆದರೆ ಕಂತು ಸುಮಾರು 34,700 ರೂಪಾಯಿ, ಶೇ 9 ಆದರೆ ಸುಮಾರು 36,000. ಅರ್ಧ ಪರ್ಸೆಂಟ್ ಕೇಳುವುದಕ್ಕೆ ಸಣ್ಣದು, ಸಾಲ ತೀರುವಷ್ಟರಲ್ಲಿ 3 ಲಕ್ಷ ರೂಪಾಯಿಗೂ ಮಿಕ್ಕಿ ಹೆಚ್ಚು ಕಟ್ಟಿರುತ್ತಾರೆ.

ಅಂಕಕ್ಕಿಂತ ವರದಿಯ ಒಳಪುಟಗಳನ್ನು ಓದುವುದು ಮುಖ್ಯ. ಪ್ರತಿ ಸಾಲ, ಪ್ರತಿ ಕ್ರೆಡಿಟ್ ಕಾರ್ಡಿಗೂ ಅಲ್ಲಿ ತಿಂಗಳವಾರು ಮನೆಗಳಿರುತ್ತವೆ. ‘000’ ಇದ್ದರೆ ಆ ತಿಂಗಳು ಬಾಕಿ ಇಲ್ಲ. ‘030’ ಇದ್ದರೆ ಕಂತು 30 ದಿನ ತಡ, ‘090’ ಇದ್ದರೆ 90 ದಿನ. ಮಾಲ್‌ನಲ್ಲಿ ಯಾರೋ ಒತ್ತಾಯಿಸಿ ಕೊಟ್ಟ ಕಾರ್ಡು ಬೀರುವಿನಲ್ಲೇ ಉಳಿಯುತ್ತದೆ. ಅದಕ್ಕೆ 500 ರೂಪಾಯಿ ವಾರ್ಷಿಕ ಶುಲ್ಕ ಬಿದ್ದರೆ ಜಿಎಸ್‌ಟಿ ಸೇರಿ 590. ಫೋನ್ ನಂಬರ್ ಬದಲಾಗಿದ್ದರೆ ಬಿಲ್ ಬಂದದ್ದೇ ಗೊತ್ತಾಗುವುದಿಲ್ಲ. ಆ 590 ರೂಪಾಯಿ ಮೇಲೆ ದಂಡ, ಬಡ್ಡಿ ಬೆಳೆದು ‘090’ ಆಗಿ ಕೂರುತ್ತದೆ, 40 ಲಕ್ಷದ ಸಾಲಕ್ಕೆ ಅಡ್ಡ ಬರುತ್ತದೆ.

ಇನ್ನೊಂದು ಅಪಾಯ ‘ಸೆಟಲ್ಡ್’ ಎಂಬ ಷರಾ. ವಸೂಲಿಯವರು ‘ಅರ್ಧ ಕಟ್ಟಿ, ಮುಗಿಸಿಬಿಡೋಣ’ ಎಂದಾಗ ಸಾಲ ತೀರಿತೆಂದೇ ಜನ ನಂಬುತ್ತಾರೆ. ಉಳಿದರ್ಧವನ್ನು ಬ್ಯಾಂಕು ಬಿಟ್ಟುಕೊಟ್ಟದ್ದು ಮಾತ್ರ ವರ್ಷಗಟ್ಟಲೆ ದಾಖಲೆಯಲ್ಲಿ ಉಳಿಯುತ್ತದೆ. ನೆಂಟರ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ಹಾಗೆಯೇ. ಅವರು ಕಂತು ತಪ್ಪಿಸಿದರೆ ಜಾಮೀನುದಾರನ ವರದಿಗೂ ಕಲೆ.

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದಲೇ ಇದೆ. ತಮ್ಮ ವರದಿಯನ್ನು ತಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಒಂದೇ ವಾರದಲ್ಲಿ ಐದಾರು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಇಳಿಯಬಹುದು. ತಪ್ಪು ಕಂಡರೆ ದೂರು ಕೊಡಬಹುದು. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಸೈಟು ನೋಡಲು ಹೋಗುವ ಮೂರ್ನಾಲ್ಕು ತಿಂಗಳ ಮೊದಲೇ ವರದಿ ತೆಗೆಸಬೇಕಾದ್ದು ಇದಕ್ಕೇ.

ಇನ್ನು ಬ್ಯಾಂಕುಗಳ ಸರದಿ. ಸಾಲದ ಇತಿಹಾಸವೇ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಸೂಚಿಸಿದೆ. ಸಾಲಕ್ಕೆ ಇಂತಿಷ್ಟೇ ಕನಿಷ್ಠ ಸ್ಕೋರ್ ಇರಬೇಕೆಂದು ಅದು ನಿಗದಿಪಡಿಸಿಲ್ಲ ಎಂದು ಹಣಕಾಸು ಸಚಿವಾಲಯ ಅದೇ ವರ್ಷ ಸಂಸತ್ತಿಗೆ ತಿಳಿಸಿದೆ. ಯಾವುದೇ ಸಾಲದ ಅರ್ಜಿ ತಿರಸ್ಕರಿಸಿದರೂ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮ ಇನ್ನೂ ಹಳೆಯದು. ‘ಸ್ಕೋರ್ ಕಡಿಮೆ’ ಎಂಬ ಬಾಯಿಮಾತಿನಲ್ಲಿ ಕಾರಣವೇ ಇಲ್ಲ. ಯಾವ ಖಾತೆ, ಯಾವ ತಿಂಗಳು, ಎಷ್ಟು ಬಾಕಿ ಎಂದು ಬರೆದುಕೊಡಬೇಕು. ಕರ್ನಾಟಕದ ಶಾಖೆಗಳಲ್ಲಿ ಅದನ್ನು ಕನ್ನಡದಲ್ಲೇ ಕೊಡಬೇಕು. ಇಂಗ್ಲಿಷ್ ವರದಿಯ ಸಂಕ್ಷಿಪ್ತಾಕ್ಷರಗಳನ್ನು ಬಿಡಿಸಲಾಗದವರು ತಪ್ಪನ್ನು ಸರಿಪಡಿಸಿಕೊಳ್ಳುವುದಾದರೂ ಹೇಗೆ?

ಅಲ್ಲಿಯವರೆಗೆ ಮನೆ ಕೊಳ್ಳುವವರು ಅಗ್ರಿಮೆಂಟ್ ಬರೆಸುವಾಗ ವಕೀಲರಿಗೆ ಹೇಳಿ ಒಂದು ಷರತ್ತು ಸೇರಿಸಿಕೊಳ್ಳಲಿ: ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಮಾರುವವರು ಇದಕ್ಕೆ ಒಪ್ಪದಿದ್ದರೆ, ಸಾಲ ಮಂಜೂರಾದ ಪತ್ರ ಕೈಗೆ ಬರುವವರೆಗೆ ದೊಡ್ಡ ಮೊತ್ತ ಕೊಡುವುದು ಬೇಡ.