ಹೇಳಿಕೊಟ್ಟವರ ಹೆಸರು ಮುಖಪುಟಕ್ಕೆ ಬರಲಿ

1649ರಲ್ಲಿ ಜರ್ಮನಿಯ ತರುಣನೊಬ್ಬ ರೋಮ್‌ನ ಸಂತ ಪೀಟರ್ ಇಗರ್ಜಿಯ ಹಿಂದಿದ್ದ ಇಥಿಯೋಪಿಯನ್ನರ ಛತ್ರಕ್ಕೆ ಹೋದ. ಹೆಸರು ಹಿಯೋಬ್ ಲುಡಾಲ್ಫ್. ಗೀಝ್ ಭಾಷೆಯನ್ನು ಪುಸ್ತಕ ನೋಡಿಯೇ ಕಲಿತವನು. ಅಲ್ಲಿ ಅವನಿಗೆ ಸಿಕ್ಕವರು ಅಮ್ಹಾರಾ ಸೀಮೆಯ ಪಾದ್ರಿ ಅಬ್ಬಾ ಗೊರ್ಗೊರಿಯೋಸ್. ನಮ್ಮಲ್ಲಿ ಸಂಸ್ಕೃತ ಹೇಗೋ ಅಲ್ಲಿ ಗೀಝ್ ಹಾಗೆ, ಪೂಜೆ ಪಾರಾಯಣದ ಭಾಷೆ. ಇಬ್ಬರ ನಡುವಿನ ಮಾತಿಗೆ ಅದೇ ಒದಗಿತು.

1652ರಲ್ಲಿ ಗೋಥಾದ ಡ್ಯೂಕ್ ಅರ್ನ್‌ಸ್ಟ್ ಕರೆಸಿಕೊಂಡಾಗ ಗೊರ್ಗೊರಿಯೋಸ್ ಜರ್ಮನಿಗೂ ಹೋದರು. ತಮ್ಮ ನಾಡಿನ ದೊರೆಗಳು, ನದಿಗಳು, ಚರ್ಚಿನ ಆಚಾರಗಳ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. 1681ರಲ್ಲಿ ಲುಡಾಲ್ಫ್ ಪ್ರಕಟಿಸಿದ ಇಥಿಯೋಪಿಯಾ ಚರಿತ್ರೆಗೂ 1698ರ ಅಮ್ಹಾರಿಕ್ ವ್ಯಾಕರಣ, ನಿಘಂಟುಗಳಿಗೂ ಆ ಮಾತುಕತೆಯೇ ಬುನಾದಿ. ಅವು ಅಚ್ಚಾಗುವುದನ್ನು ನೋಡಲು ಗೊರ್ಗೊರಿಯೋಸ್ ಇರಲಿಲ್ಲ. 1658ರಲ್ಲಿ ಹಡಗು ಒಡೆದು ಸಮುದ್ರದಲ್ಲಿ ತೀರಿಕೊಂಡಿದ್ದರು. ಲುಡಾಲ್ಫ್ ಮಾತ್ರ ಮರೆಯಲಿಲ್ಲ. 1691ರ ತನ್ನ ವ್ಯಾಖ್ಯಾನಗ್ರಂಥದಲ್ಲಿ ಅವರ ಭಾವಚಿತ್ರವನ್ನೇ ಅಚ್ಚು ಹಾಕಿಸಿದ. ಆ ಚಿತ್ರವನ್ನು ಗುರುವಿಗೆ ಸಂದ ಗೌರವವೆಂದೇ ನಾನು ತಿಳಿದಿದ್ದೇನೆ.

ಆಗಿನ್ನೂ ಯುರೋಪು ಆ ನೆಲದ ಒಡೆಯನಾಗಿರಲಿಲ್ಲ. 1890ರಲ್ಲಿ ಇಥಿಯೋಪಿಯಾದ ಪಕ್ಕದ ಎರಿಟ್ರಿಯಾ ಇಟಲಿಯ ವಸಾಹತಾಯಿತು. ಆಮೇಲೆ ಕಲಿಯಲು ಬಂದ ವಿದ್ವಾಂಸನ ಬೆನ್ನಿಗೆ ಸರ್ಕಾರವೂ ಇತ್ತು, ಸೇನೆಯೂ ಇತ್ತು. ಗುರು ಎನಿಸಿಕೊಂಡಿದ್ದವರು ಬರಬರುತ್ತಾ 'ವಕ್ತೃ' ಆದರು. ನಮ್ಮ ಜಾನಪದ ಸಂಗ್ರಹಕಾರರು ಬಳಸುವ ಈ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಹೇಳುವುದಷ್ಟೇ ವಕ್ತೃವಿನ ಪಾಲು, ಪುಸ್ತಕ ಬರೆದುಕೊಂಡವರದು.

ಇದಕ್ಕೆ ನಫ್ಫಾ ವದ್ ಎತ್ಮಾನ್‌ಗಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಎರಿಟ್ರಿಯಾದ ಗೆಲೆಬ್ ಎಂಬ ಊರಿನ ಸ್ವೀಡಿಷ್ ಮಿಷನ್ ಶಾಲೆಯಲ್ಲಿ ಓದಿದ ಹುಡುಗ. 1905ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪರವಾಗಿ ವಿದ್ವಾಂಸ ಎನ್ನೊ ಲಿಟ್‌ಮನ್ ಅಲ್ಲಿಗೆ ಬಂದಾಗ ತಿಗ್ರೆ ಭಾಷೆಯ ಕಥೆ, ಹಾಡು, ಸಾವಿನ ಮನೆಯ ಶೋಕಗೀತೆಗಳನ್ನು ಕೂಡಿಹಾಕಲು ನೆರವಾದ. ಮುಂದೆ ಸ್ಟ್ರಾಸ್‌ಬರ್ಗ್‌ಗೂ ಹೋಗಿ ಆ ಕೆಲಸ ಮುಂದುವರಿಸಿದ. 1909ರಲ್ಲಿ ಊರಿಗೆ ಮರಳುವಾಗ ಹಡಗಿನಿಂದ ಕಾಣೆಯಾದ. ಮತ್ತೆ ಸಿಗಲಿಲ್ಲ. ಮರುವರ್ಷ ಸಂಪುಟಗಳು ಹೊರಬರತೊಡಗಿದವು, ಲಿಟ್‌ಮನ್ ಹೆಸರಿನಲ್ಲಿ. ತನ್ನವರ ಶೋಕಗೀತೆಗಳನ್ನು ಉಳಿಸಿಕೊಟ್ಟವನಿಗೆ ನೀರಲ್ಲಿ ಗೋರಿಯೂ ಇಲ್ಲ, ಪುಸ್ತಕದ ಹಣೆಯ ಮೇಲೆ ಹೆಸರೂ ಇಲ್ಲ.

ಲಿಟ್‌ಮನ್ ಕೆಟ್ಟವನಲ್ಲ. ಒಬ್ಬೊಬ್ಬರ ಸೌಜನ್ಯವನ್ನು ತೂಗಿ ಇದನ್ನು ತೀರ್ಮಾನಿಸಲಾಗದು. ವಿದ್ಯೆ ಆಳ್ವಿಕೆಯ ಜೊತೆ ಕೈಜೋಡಿಸಿದಾಗ ಏನಾಗುತ್ತದೆಂದು ಕಾರ್ಲೊ ಕಾಂಟಿ ರೊಸ್ಸಿನಿಯನ್ನು ನೋಡಿದರೆ ತಿಳಿಯುತ್ತದೆ. ಎರಿಟ್ರಿಯಾದಲ್ಲಿ ಅಧಿಕಾರಿಯಾಗಿದ್ದ, ಗೀಝ್ ಹಸ್ತಪ್ರತಿಗಳಲ್ಲಿ ಪಳಗಿದ್ದ ದೊಡ್ಡ ವಿದ್ವಾಂಸ. ಅದೇ ಮನುಷ್ಯ 1935ರಲ್ಲಿ, ಮುಸ್ಸೊಲಿನಿಯ ಸೇನೆ ನುಗ್ಗುವ ಹೊಸ್ತಿಲಲ್ಲಿ, ನಾಗರಿಕವಾಗಿ ಮುಂದುವರಿಯುವ ಶಕ್ತಿಯೇ ಇಥಿಯೋಪಿಯಾಕ್ಕಿಲ್ಲ ಎಂದು ಲೇಖನ ಬರೆದ. ಆ ನಾಡಿನ ಬರಹವನ್ನೇ ಓದಿ ಹೆಸರು ಮಾಡಿದವನು ಆಡಿದ ಮಾತಿದು. ನನ್ನ ಕಣ್ಣಿಗೆ ಇದು ಗುರುದ್ರೋಹ.

ಇದು ನಮಗೆ ದೂರದ ಕಥೆಯೂ ಅಲ್ಲ. 1841ರಲ್ಲಿ ಅಮ್ಹಾರಿಕ್ ನಿಘಂಟು ತಂದ ಮಿಷನರಿ ಐಸೆನ್‌ಬರ್ಗ್ ಓದಿದ್ದು ಬಾಸೆಲ್ ಮಿಷನ್‌ನಲ್ಲಿ. ಕಿಟ್ಟೆಲ್‌ರನ್ನು ಕನ್ನಡನಾಡಿಗೆ ಕಳಿಸಿದ್ದೂ ಅದೇ ಸಂಸ್ಥೆ. ಅವರಿಗೆಲ್ಲ ಪಾಠ ಹೇಳಿದವರು ಯಾರು ಎಂದು ಇಲ್ಲೂ ಕೇಳಬೇಕು.

ಪರಿಹಾರಕ್ಕೆ ಹೆಚ್ಚಿನ ಖರ್ಚಿಲ್ಲ. ತಿಗ್ರೆ ಸಂಪುಟಗಳು ಮತ್ತೆ ಅಚ್ಚಾದಾಗ, ಗ್ರಂಥಾಲಯಗಳು ತಮ್ಮ ಸೂಚಿಯನ್ನು ತಿದ್ದಿದಾಗ, ಲಿಟ್‌ಮನ್ ಹೆಸರಿನ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ನಫ್ಫಾ ವದ್ ಎತ್ಮಾನ್ ಎಂದು ಬರೆಯಲಿ.