ಸಿಂಹದ ಬಾಯಿ, ಯಾರ ದನಿ?

2019ರ ಜುಲೈ. 'ದಿ ಲಯನ್ ಕಿಂಗ್' ಬಂದ ಎರಡನೇ ಭಾನುವಾರ. ಬೆಂಗಳೂರಿನ ಒಂದು ಮಾಲ್‌ನಲ್ಲಿ ನಾವು ನಾಲ್ಕು ಜನ ಸಾಲಾಗಿ ಕೂತಿದ್ವಿ. ನಾನು, ಭಾವ, ಅಕ್ಕನ ಆರು ವರ್ಷದ ಮಗ, ಅವನ ಅಜ್ಜಿ ಅಂದ್ರೆ ನನ್ನಮ್ಮ. ಶೋ ಇಂಗ್ಲಿಷಿನದ್ದು. ಮೊದಲ ಹತ್ತು ನಿಮಿಷ ಅಮ್ಮ ಪ್ರತಿ ಮಾತಿಗೂ ನನ್ನ ಕಡೆ ವಾಲಿ "ಏನಂತೆ?" ಅಂತ ಕೇಳೋರು, ನಾನು ಪಿಸುಗುಟ್ಟಿ ಹೇಳೋನು. ಹಿಂದಿನ ಸಾಲಿನಿಂದ "ಶ್..." ಅಂತ ಬಂತು. ಆಮೇಲೆ ಅಮ್ಮ ಏನನ್ನೂ ಕೇಳಲಿಲ್ಲ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ಡಬ್ಬಿ ಹಿಡ್ಕೊಂಡು ಸುಮ್ಮನೆ ಕೂತಿದ್ರು.

ವಾಪಸ್ ಬರುವಾಗ ಕಾರಲ್ಲಿ ವಿಮರ್ಶೆ ಶುರುವಾಯ್ತು. ಹುಡುಗನಿಗೆ ಕಾಡುಹಂದಿ ಪುಂಬಾ ಸಿಕ್ಕಾಪಟ್ಟೆ ಇಷ್ಟ. ಭಾವನಿಗೆ ಸಿಟ್ಟು. 1994ರ ಸಿನಿಮಾದಲ್ಲಿ ಸ್ಕಾರ್‌ಗೆ ದನಿ ಕೊಟ್ಟಿದ್ದ ಜೆರೆಮಿ ಐರನ್ಸ್ ಇಲ್ಲದ ಮೇಲೆ ಅದೆಂಥ ಸ್ಕಾರ್ ಅಂತ. ಅಮ್ಮನನ್ನು ಕೇಳಿದ್ವಿ. "ಸಿಂಹಗಳು ನಿಜವಾದ್ದರ ಹಾಗೇ ಇದ್ವು. ಆದ್ರೆ ಬಾಯಿ ಆಡ್ತಿತ್ತು, ಮುಖ ಆಡ್ತಿರಲಿಲ್ಲ" ಅಂದ್ರು.

ಜಗತ್ತಿನ ವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನ ಅಮ್ಮ ಒಂದೇ ಮಾತಲ್ಲಿ ಹೇಳಿ ಮುಗಿಸಿದ್ರು. ಜಾನ್ ಫಾವ್ರೋ ನಿರ್ದೇಶನದ ಆ ಸಿನಿಮಾ ನೋಡೋಕೆ ವನ್ಯಜೀವಿ ಸಾಕ್ಷ್ಯಚಿತ್ರದ ಹಾಗಿದ್ರೂ, ಒಂದೇ ಒಂದು ಶಾಟ್ ಬಿಟ್ಟರೆ ಪೂರ್ತಿ ಕಂಪ್ಯೂಟರಿನಲ್ಲಿ ಮಾಡಿದ ಅನಿಮೇಷನ್. 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ನೋಡಿದವರು ಎರಡು ಪಾಲಾದರು. ಒಂದು ಪಾಲು "ಅಬ್ಬಾ, ಒಂದೊಂದು ಕೂದಲೂ ಕಾಣುತ್ತೆ" ಅಂತು. ಇನ್ನೊಂದು ಪಾಲು "ಕೂದಲು ಕಾಣುತ್ತೆ, ಸಂಕಟ ಕಾಣಲ್ಲ" ಅಂತು. ಕೈಯಲ್ಲಿ ಬರೆದ ಹಳೇ ಸಿಂಹಗಳಿಗೆ ಹುಬ್ಬಿತ್ತು. ಅವು ಅಳ್ತಿದ್ವು, ಹಲ್ಲು ಕಿರೀತಿದ್ವು. ಹೊಸವಕ್ಕೆ ಆ ಭಾಗ್ಯ ಇಲ್ಲ.

ನನ್ನ ವಾದ ಇಲ್ಲಿಂದ ಶುರು. ಮುಖ ಸುಮ್ಮನಿದ್ದಾಗ ಎಲ್ಲ ಭಾರವೂ ದನಿಯ ಮೇಲೆ ಬೀಳುತ್ತೆ. ಹಾಗಾಗಿ ಅನಿಮೇಷನ್ನಿನಲ್ಲಿ ಯಾರು ದನಿ ಕೊಟ್ಟರು ಅನ್ನೋದು ಪೋಸ್ಟರಿನ ವಿಷಯ ಅಲ್ಲ, ಪಾತ್ರದ ಜೀವದ ವಿಷಯ. "ಮಕ್ಕಳ ಸಿನಿಮಾ ತಾನೇ, ಯಾರ ದನಿಯಾದ್ರೇನು?" ಅನ್ನೋರು ಮಕ್ಕಳನ್ನೂ ಗಮನಿಸಿಲ್ಲ, ಸಿನಿಮಾವನ್ನೂ ಗಮನಿಸಿಲ್ಲ. 1994ರಲ್ಲಿ ಮುಫಾಸಾಗೆ ದನಿಯಾಗಿದ್ದ ಜೇಮ್ಸ್ ಅರ್ಲ್ ಜೋನ್ಸ್ ಅವರನ್ನೇ 25 ವರ್ಷದ ನಂತರ ಮತ್ತೆ ಕರೆಸಿದ್ದು ಯಾಕೆ? ಆ ದನಿ ಹೋದ್ರೆ ಅಪ್ಪನೇ ಹೋದ ಹಾಗೆ ಅಂತ ಡಿಸ್ನಿಯವರಿಗೂ ಗೊತ್ತಿತ್ತು.

ಹಿಂದಿಯಲ್ಲಿ ಮುಫಾಸಾ ಆಗಿ ಶಾರುಖ್ ಖಾನ್, ಸಿಂಬಾ ಆಗಿ ಮಗ ಆರ್ಯನ್. ಆಗ ಎದ್ದ ಜಗಳ ನಿಮಗೆ ನೆನಪಿರಬಹುದು. ಅರ್ಧ ಜನ "ಥೇಟ್ ಅಪ್ಪನ ದನಿ" ಅಂತ ಪುಳಕಗೊಂಡರು, ಇನ್ನರ್ಧ "ಸ್ಟಾರ್ ಮಗ ಅಂತ ಚಾನ್ಸು" ಅಂತ ಉಗಿದರು. ನನಗೆ ಇಬ್ಬರದೂ ತಪ್ಪು ಅನ್ಸುತ್ತೆ. ಅಪ್ಪ ಮಗನನ್ನ ಅಪ್ಪ ಮಗನ ಪಾತ್ರಕ್ಕೆ ಹಾಕೋದು ಪಾಪ ಏನಲ್ಲ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ನಮ್ಮ ಅಪ್ಪು. ಅದನ್ನ ನೋಡಿ ಯಾರಾದ್ರೂ "ಮಗ ಅಂತ ಚಾನ್ಸು" ಅಂದಿದ್ದು ಕೇಳಿದ್ದೀರಾ? ಆ ಹುಡುಗ ಆ ಅಪ್ಪನ ಎದುರು ನಿಂತು ಪಾತ್ರವನ್ನ ಗೆದ್ದುಕೊಂಡ. ಕೇಳಬೇಕಾದ ಪ್ರಶ್ನೆ ಇಷ್ಟೇ: ಕಣ್ಣು ಮುಚ್ಚಿದರೆ ಸಿಂಹ ಕಾಣುತ್ತೋ, ಸ್ಟಾರ್ ಕಾಣ್ತಾನೋ? ಸ್ಟಾರ್ ಕಂಡರೆ ಮಗುವಿಗೆ ಮೋಸ.

ಈಗ ತೆಲುಗಿಗೆ ಬನ್ನಿ. ಸಿಂಬಾಗೆ ನಾನಿ, ಸ್ಕಾರ್‌ಗೆ ಜಗಪತಿ ಬಾಬು, ಪುಂಬಾಗೆ ಬ್ರಹ್ಮಾನಂದಂ, ಟಿಮೋನ್‌ಗೆ ಅಲಿ. ಮುಫಾಸಾ ಯಾರು ಗೊತ್ತಾ? ರವಿಶಂಕರ್. ಹೌದು ಸ್ವಾಮಿ, 2011ರ 'ಕೆಂಪೇಗೌಡ'ದ ಆರ್ಮುಗಂ. 2009ರ 'ಅರುಂಧತಿ'ಯಲ್ಲಿ ಸೋನು ಸೂದ್ ಪರದೆ ಮೇಲೆ ಅಬ್ಬರಿಸುವಾಗ ಕೇಳೋ ದನಿಯೂ ಇವರದ್ದೇ. ಮುಖ ಒಬ್ಬರದ್ದು, ಭಯ ಇನ್ನೊಬ್ಬರದ್ದು. ಕನ್ನಡದಲ್ಲಿ ಶಿಳ್ಳೆ ಹೊಡೆಸಿಕೊಳ್ಳೋ ಕಂಠ ತೆಲುಗಿನ ಮಕ್ಕಳಿಗೆ ಮುಫಾಸಾ ಆಯ್ತು. ಕನ್ನಡದ ಮಕ್ಕಳಿಗೆ? ಆ ಸಿನಿಮಾ ಥಿಯೇಟರಿಗೆ ಬಂದಿದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಲ್ಲಿ. ನಾವು ಶಾರುಖ್ ಮಗ ಸರಿಯೋ ತಪ್ಪೋ ಅಂತ ಕಿತ್ತಾಡ್ತಾ ಇದ್ವಿ. ಊಟಕ್ಕೆ ನಮ್ಮನ್ನ ಕರೆದೇ ಇಲ್ಲ, ನಾವು ಪಕ್ಕದ ಪಂಕ್ತಿಯ ಪಾಯಸಕ್ಕೆ ಸಕ್ಕರೆ ಕಮ್ಮಿ ಆಯ್ತು ಅಂತಿದ್ವಿ!

"ಡಬ್ಬಿಂಗ್ ಬೇಡ ಅಂದಿದ್ದು ನಾವೇ ಅಲ್ವಾ?" ಅಂತ ಕೇಳ್ತೀರಿ. ನಿಜ. ಒಂದು ಕಾಲದಲ್ಲಿ ಆ ಹೋರಾಟಕ್ಕೆ ಅರ್ಥ ಇತ್ತು. ಮದ್ರಾಸಿನ ನೆರಳಲ್ಲಿದ್ದ ಪುಟ್ಟ ಚಿತ್ರರಂಗ ಉಳಿಯಬೇಕಿತ್ತು, ನಮ್ಮ ಕಲಾವಿದರು, ತಂತ್ರಜ್ಞರಿಗೆ ಕೆಲಸ ಸಿಗಬೇಕಿತ್ತು. ಆದ್ರೆ ಆ ಬೇಲಿ 2012ರಲ್ಲಿ 'ಸತ್ಯಮೇವ ಜಯತೇ' ಅನ್ನೋ ಟಿವಿ ಕಾರ್ಯಕ್ರಮವನ್ನೂ ಕನ್ನಡಕ್ಕೆ ಬಿಡಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಡಬ್ ಆಗಿ ತೆರೆಗೆ ಬಂತು. ಅಂದ್ರೆ 2019ರ ಹೊತ್ತಿಗೆ ಬಾಗಿಲಿಗೆ ಬೀಗ ಇರಲಿಲ್ಲ. ಆದರೂ ಸಿಂಹ ಒಳಗೆ ಬರಲಿಲ್ಲ. 2024ರಲ್ಲಿ 'ಮುಫಾಸಾ' ಬಂದಾಗಲೂ ಅದೇ ಕಥೆ. ತೆಲುಗಿಗೆ ಮಹೇಶ್ ಬಾಬು, ಹಿಂದಿಗೆ ಶಾರುಖ್ ಜೊತೆ ಇಬ್ಬರೂ ಗಂಡುಮಕ್ಕಳು, ಥಿಯೇಟರಲ್ಲಿ ಕನ್ನಡಕ್ಕೆ ಸೊನ್ನೆ.

ಯಾಕೆ ಅಂದ್ರೆ "ಕನ್ನಡಕ್ಕೆ ಮಾರ್ಕೆಟ್ ಇಲ್ಲ" ಅಂತಾರೆ. ಇಲ್ಲಿ ನನ್ನ ಸಿಟ್ಟು ಕಂಪನಿಗಳ ಮೇಲಲ್ಲ, ನಮ್ಮ ಮೇಲೆ. ಟೆಕ್ ಪಾರ್ಕಲ್ಲಿ ಕೆಲಸ ಮಾಡೋ, ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹಾಕ್ಕೊಂಡು ಸೆಲ್ಫಿ ಹಾಕೋ ನಮ್ಮ ಮೇಲೆ. "ನಮ್ಮ ಮಕ್ಕಳಿಗೆ ಇಂಗ್ಲಿಷೇ ಅರ್ಥ ಆಗುತ್ತೆ ಬಿಡಿ" ಅಂತ ಹೇಳೋರು ನಾವೇ. ಡಬ್ ಆದ ಟ್ರೇಲರ್ ಬಂದ್ರೆ "ಥೂ, ಕಾಮಿಡಿಯಾಗಿದೆ" ಅಂತ ಗ್ರೂಪಿಗೆ ಫಾರ್ವರ್ಡ್ ಮಾಡೋರೂ ನಾವೇ. ಹೌದು, ಎಷ್ಟೋ ಡಬ್ಬಿಂಗ್ ಕೆಟ್ಟದಾಗಿರುತ್ತೆ. ಪುಸ್ತಕದಂಥ ಕನ್ನಡ, ಬಾಯಿಗೆ ಹೊಂದದ ಮಾತು, ಎಲ್ಲ ಪಾತ್ರಕ್ಕೂ ಒಂದೇ ರಾಗ. ಹಾಗಾದ್ರೆ ಬೈಯೋಣ, ಚೆನ್ನಾಗಿ ಬೈಯೋಣ. ಇಂಥ ಪಾತ್ರಕ್ಕೆ ಇಂಥ ದನಿ ಬೇಕು, ಧಾರವಾಡದ ಟಿಮೋನ್ ಬೇಕು, ಮಂಡ್ಯದ ಪುಂಬಾ ಬೇಕು ಅಂತ ಜಗಳ ಆಡೋಣ. ಆದ್ರೆ ನೋಡಿ ಬೈಯೋಣ. ನೋಡದೆ ನಗೋದು ಸೋಮಾರಿತನ.

ಇನ್ನೊಂದು ಮಾತು. "ಫ್ಯಾಮಿಲಿ ಸಿನಿಮಾ" ಅಂತೀವಲ್ಲ, ಆ ಫ್ಯಾಮಿಲಿಯಲ್ಲಿ ಅಜ್ಜಿ ಇದ್ದಾರೋ ಇಲ್ವೋ? ಮಗುವಿಗೆ ಇಂಗ್ಲಿಷ್ ಬರುತ್ತೆ ಅನ್ನೋದು ಅರ್ಧ ಉತ್ತರ. ಮಗು ನಕ್ಕಾಗ ಪಕ್ಕದಲ್ಲಿ ಕೂತ ಅಜ್ಜಿಯೂ ಅದೇ ಮಾತಿಗೆ ನಗಬೇಕು. ಹಾಗಿಲ್ಲ ಅಂದ್ರೆ ಅದು ಫ್ಯಾಮಿಲಿ ಸಿನಿಮಾ ಅಲ್ಲ, ಒಂದೇ ಸಾಲಲ್ಲಿ ಕೂತವರು ಬೇರೆ ಬೇರೆ ನೋಡಿದ ಸಿನಿಮಾ.

2025ರ ಜುಲೈನಲ್ಲಿ 'ಮಹಾವತಾರ ನರಸಿಂಹ' ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದ್ದು ನಮ್ಮ ಹೊಂಬಾಳೆ. ಪೋಸ್ಟರಿನಲ್ಲಿ ಯಾವ ಸ್ಟಾರ್ ಹೆಸರೂ ಇಲ್ಲ. ಅನಿಮೇಷನ್ ಅಲ್ಲಲ್ಲಿ ಒರಟಾಗಿದೆ ಅಂತ ಗೊಣಗಿದವರಿದ್ರು, ನಾನೂ ಅದರಲ್ಲೊಬ್ಬ. ಆದ್ರೂ ಗಳಿಕೆ 300 ಕೋಟಿ ದಾಟಿತು. ಸ್ಟಾರ್ ದನಿ ಇಲ್ಲದಿದ್ರೆ ಕುಟುಂಬಗಳು ಬರಲ್ಲ ಅನ್ನೋ ಮಾತು ಅಲ್ಲಿಗೆ ಮುಗೀತು. ಕನ್ನಡದಲ್ಲೂ ಇತ್ತು. ನಮಗೆ ಹೊಂದೋ ಹೊತ್ತಿಗೆ ಕನ್ನಡದ ಶೋ ಹುಡುಕಿ, ಮನೆಯಿಂದ ಹದಿನಾಲ್ಕು ಕಿಲೋಮೀಟರ್ ಹೋದ್ವಿ. ಹುಡುಗನಿಗೆ ಈಗ ಹನ್ನೆರಡು. "ಇಂಗ್ಲಿಷಲ್ಲಿ ಇಲ್ವಾ ಮಾಮ?" ಅಂತ ಮುಖ ಊದಿಸ್ಕೊಂಡೇ ಬಂದ. ಹಿರಣ್ಯಕಶಿಪು ವರ ಕೇಳೋ ಹೊತ್ತಿಗೆ ಪಕ್ಕಕ್ಕೆ ವಾಲಿ "ಅಜ್ಜಿ, ಏನಂತೆ?" ಅಂದ. ಅಮ್ಮ ಶುರು ಮಾಡಿದ್ರು. ಹಗಲಲ್ಲೂ ಅಲ್ಲ, ರಾತ್ರಿಯಲ್ಲೂ ಅಲ್ಲ, ಒಳಗೂ ಅಲ್ಲ, ಹೊರಗೂ ಅಲ್ಲ... ಹಿಂದಿನಿಂದ ಮತ್ತೆ "ಶ್..." ಬಂತು. ಈ ಸಲ ಅಮ್ಮ ನಿಲ್ಲಿಸಲಿಲ್ಲ.

ಮುಂದಿನ ಸಲ ಯಾವುದೋ ದೊಡ್ಡ ಅನಿಮೇಷನ್ ಸಿನಿಮಾ ಬಂದು, ಯಾರ ದನಿ ಸರಿ ಯಾರ ದನಿ ತಪ್ಪು ಅಂತ ಊರೆಲ್ಲ ಜಗಳ ಎದ್ದಾಗ, ನೀವೂ ಧಾರಾಳವಾಗಿ ಜಗಳ ಆಡಿ. ಅದಕ್ಕೂ ಮೊದಲು ಟಿಕೆಟ್ ಆ್ಯಪಿನಲ್ಲಿ ಭಾಷೆಗಳ ಪಟ್ಟಿ ಒಮ್ಮೆ ನೋಡಿ. ಕನ್ನಡ ಇಲ್ಲದಿದ್ರೆ ಯಾಕಿಲ್ಲ ಅಂತ ಹಂಚಿಕೆದಾರರನ್ನ ಕೇಳಿ. ಇದ್ರೆ ಅದನ್ನೇ ಬುಕ್ ಮಾಡಿ, ಅಜ್ಜಿಗೂ ಸೇರಿಸಿ.